ಬದು, ಹೊಂಡ, ಸಾಲ: ಬಯಲುಸೀಮೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಅಧಿಕಾರಿಯಲ್ಲ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ, ತೊಗರಿ ಬೆಳೆಯುವ ಮನೆಯವನು. ನಮ್ಮ ಹೊಲದಲ್ಲಿ ಮಳೆ ನೀರು ಹಿಡಿದಿಡುವ ಹೊಂಡಕ್ಕಾಗಿ ಒಂದು ವರ್ಷ ಕಚೇರಿಗಳಿಗೆ ಅಲೆದದ್ದರಿಂದ ದಾರಿ ಗೊತ್ತಾಯಿತು. ಆಮೇಲೆ ಊರಿನವರು ತಮ್ಮ ಕಾಗದಗಳನ್ನು ಹಿಡಿದು ನಮ್ಮ ಜಗುಲಿಗೆ ಬರತೊಡಗಿದರು. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ. ಮಳೆ ಕಡಿಮೆ ಇರುವ ಯಾವ ತಾಲ್ಲೂಕಿನವರಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ. ಮಲೆನಾಡು, ಕರಾವಳಿಯವರಿಗೆ ಸಾಲದ ಭಾಗ ಮಾತ್ರ ಉಪಯೋಗಕ್ಕೆ ಬರಬಹುದು.

ರೈತರಿಗೆ ಯಾವ ಯಾವ ಯೋಜನೆಗಳಿವೆ? ಒಂದು ಪಟ್ಟಿ ಕೊಡಿ.

ಪಟ್ಟಿ ಕೊಡುವುದಿಲ್ಲ. ಯೋಜನೆಯ ಹೆಸರು ಸರ್ಕಾರ ಬದಲಾದಾಗ ಬದಲಾಗುತ್ತದೆ, ಹಣ ಬಂದ ವರ್ಷ ಇರುತ್ತದೆ, ಬಾರದ ವರ್ಷ ಮಲಗುತ್ತದೆ. ಹೊಲದ ಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯದ ಕೃಷಿ ಭಾಗ್ಯ ಯೋಜನೆ 2014-15ರಲ್ಲಿ ಆರಂಭವಾಗಿ, ನಡುವೆ ಸೊರಗಿ, 2023-24ರಲ್ಲಿ 106 ತಾಲ್ಲೂಕುಗಳಲ್ಲಿ ಮತ್ತೆ ಎದ್ದಿತು. ಹೆಸರು ಹಿಡಿದು ಹುಡುಕುವವರು ಆ ನಡುವಿನ ವರ್ಷಗಳಲ್ಲಿ ಬರಿಗೈಯಲ್ಲಿ ವಾಪಸಾದರು.

ನಿಮ್ಮ ಹೊಲಕ್ಕೆ ಏನು ಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಕಲಿಯಿರಿ. ‘ಮಳೆ ನೀರು ಹೊಲದಲ್ಲಿ ನಿಲ್ಲುತ್ತಿಲ್ಲ, ಬದು ಒಡೆದಿದೆ.’ ‘ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರಿದೆ, ತುಂತುರು ಪೈಪು ಬೇಕು.’ ‘ಬಿತ್ತನೆಗೆ ಕೈಯಲ್ಲಿ ಕಾಸಿಲ್ಲ.’ ಹೀಗೆ ಹೇಳಿದರೆ ಅದು ಯಾವ ಕಚೇರಿಯ ಕೆಲಸ ಎಂದು ತಿಳಿಯುವುದು ಸುಲಭ, ಆ ವರ್ಷ ಅಲ್ಲಿ ಯಾವ ಹೆಸರಿನ ಅಡಿ ಹಣವಿದೆ ಎಂದು ಹೇಳುವುದು ಅವರ ಕೆಲಸ. ‘ಏನಾದರೂ ಸ್ಕೀಮ್ ಇದೆಯಾ ಸಾರ್’ ಎಂದು ಕೇಳಿದವರಿಗೆ ‘ಸದ್ಯಕ್ಕೆ ಏನೂ ಇಲ್ಲ’ ಎಂಬ ಉತ್ತರ ಸಿಕ್ಕಿದ್ದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ಹಾಗಾದರೆ ಮೊದಲು ಯಾವ ಕಚೇರಿಗೆ ಹೋಗಲಿ?

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಬೀಜ, ಗೊಬ್ಬರ ಕೊಡುವ ಜಾಗ ಎಂದಷ್ಟೇ ನಮ್ಮ ಜನ ಅದನ್ನು ತಿಳಿದಿದ್ದಾರೆ. ಹೊಂಡ, ಕ್ಷೇತ್ರ ಬದು, ತುಂತುರು ಪೈಪು, ಟಾರ್ಪಾಲು, ಯಂತ್ರೋಪಕರಣ ಎಲ್ಲದರ ಅರ್ಜಿಯೂ ಅಲ್ಲೇ. ಅಲ್ಲಿರುವ ಕೃಷಿ ಅಧಿಕಾರಿಯ ಮೇಲೆ ತಾಲ್ಲೂಕಿನಲ್ಲಿ ಸಹಾಯಕ ಕೃಷಿ ನಿರ್ದೇಶಕರು ಇರುತ್ತಾರೆ. ದಾಳಿಂಬೆ, ಅಡಿಕೆ, ತರಕಾರಿ, ಹೂವಾದರೆ ತೋಟಗಾರಿಕೆ ಇಲಾಖೆ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಹೊಲದ ಅಂಚಿಗೆ ಮರ ಬೆಳೆಸುವುದಾದರೆ ವಲಯ ಅರಣ್ಯಾಧಿಕಾರಿಯ ಕಚೇರಿ. ಕೂಲಿ ಸಮೇತ ಬದು, ಇಂಗುಗುಂಡಿ, ದನದ ಕೊಟ್ಟಿಗೆಗೆ ಗ್ರಾಮ ಪಂಚಾಯಿತಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಸಣ್ಣ ರೈತರಿಗೆ ಗಂಗಾ ಕಲ್ಯಾಣದ ಕೊಳವೆಬಾವಿ ಆಯಾ ಅಭಿವೃದ್ಧಿ ನಿಗಮದಿಂದ ಬರುತ್ತದೆ, ಕೃಷಿ ಇಲಾಖೆಯಿಂದಲ್ಲ. ಈ ಒಂದು ತಪ್ಪಿನಿಂದ ವರ್ಷಗಟ್ಟಲೆ ಬೇರೆ ಬಾಗಿಲು ತಟ್ಟಿದವರಿದ್ದಾರೆ.

ಬೆಳೆ, ಮಣ್ಣು, ಕೀಟದ ವಿಷಯ ಕೇಳಬೇಕಿದ್ದರೆ ಕೃಷಿ ವಿಜ್ಞಾನ ಕೇಂದ್ರ. ಚಿತ್ರದುರ್ಗ ಜಿಲ್ಲೆಯವರಿಗೆ ಅದು ಹಿರಿಯೂರಿನ ಬಬ್ಬೂರು ಫಾರಂನಲ್ಲಿದೆ. ಅಲ್ಲಿ ಹಣ ಸಿಗುವುದಿಲ್ಲ, ಬುದ್ಧಿ ಸಿಗುತ್ತದೆ.

ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ನಮಗೆ ಏನೂ ಸಿಗುವುದಿಲ್ಲವೇ?

ನಮ್ಮ ಜಗುಲಿಗೆ ಬಂದ ಅರ್ಧಕ್ಕಿಂತ ಹೆಚ್ಚು ಜನರ ತೊಡಕು ಇದೇ. ತಾತ ಹೋಗಿ ಮೂವತ್ತು ವರ್ಷ, ಅಪ್ಪನೂ ಇಲ್ಲ, ಉಳುವವರು ಮೂವರು ಅಣ್ಣತಮ್ಮಂದಿರು, ಪಹಣಿಯ 9ನೇ ಕಾಲಂನಲ್ಲಿ ಮಾತ್ರ ತಾತನೇ ಕುಳಿತಿದ್ದಾನೆ. ಸತ್ತವರಿಗೆ ಸಹಾಯಧನವೂ ಇಲ್ಲ, ಸಾಲವೂ ಇಲ್ಲ.

ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಬೇಕು. ತಾತನ ಸಾವನ್ನು ಆಗ ಯಾರೂ ನೋಂದಾಯಿಸಿರದಿದ್ದರೆ ತಡ ನೋಂದಣಿಯಿಂದಲೇ ಆರಂಭಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಆರಂಭಿಸಿದೆ. ನಿಮ್ಮ ಗ್ರಾಮ ಆಡಳಿತ ಅಧಿಕಾರಿಯ ಪಟ್ಟಿಯಲ್ಲಿ ನಿಮ್ಮ ಸರ್ವೆ ನಂಬರ್ ಇದೆಯೇ ಎಂದು ಕೇಳಿ.

ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ‘ಅವರು ಮದುವೆಯಾಗಿ ಹೋದರಲ್ಲ’ ಎನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಇವತ್ತು ಬಿಟ್ಟ ಹೆಸರು ನಾಳೆ ತಕರಾರಾಗಿ ಬರುತ್ತದೆ, ಆಗ ಹೊಂಡವೂ ನಿಲ್ಲುತ್ತದೆ, ಸಾಲವೂ ನಿಲ್ಲುತ್ತದೆ.

ಪೌತಿಯ ನಂತರ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ. ಜಂಟಿ ಖಾತೆಯಿದ್ದರೂ ಉಳಿದವರ ಒಪ್ಪಿಗೆ ಪತ್ರದೊಂದಿಗೆ ಒಬ್ಬರ ಹೆಸರಿನಲ್ಲಿ ಹೊಂಡ ಮಾಡಿಸಲು ಆಗುತ್ತದೆ. ಬ್ಯಾಂಕಿನವರು ಮಾತ್ರ ಇದಕ್ಕೆ ಮುಖ ಸಿಂಡರಿಸುತ್ತಾರೆ. ಅಣ್ಣತಮ್ಮಂದಿರು ಮಾತನಾಡುವಷ್ಟು ಚೆನ್ನಾಗಿರುವಾಗಲೇ ಪಾಲುಗಳನ್ನು ಅಳೆದು ತೋರಿಸುವ 11-ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸಿಬಿಡುವುದು ಒಳ್ಳೆಯದು.

ಎಫ್‌ಐಡಿ ಎಂದು ಎಲ್ಲ ಕಡೆ ಕೇಳುತ್ತಾರೆ. ಅದೇನು?

ಫ್ರೂಟ್ಸ್ ಎಂಬ ತಂತ್ರಾಂಶದಲ್ಲಿ ರೈತನಿಗೆ ಕೊಡುವ ಗುರುತಿನ ಸಂಖ್ಯೆ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ, ಒಂದು ಫೋಟೊ ಕೊಟ್ಟರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಬಹುತೇಕರಿಗೆ ಈಗಾಗಲೇ ಇದೆ. ಆದರೆ ಎಲ್ಲ ಸರ್ವೆ ನಂಬರ್‌ಗಳೂ ಅದಕ್ಕೆ ಸೇರಿವೆಯೇ ಎಂದು ನೋಡಿದವರು ಕಡಿಮೆ.

2023ರ ಬರ ನೆನಪಿದೆಯಲ್ಲ, 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ. ಬೆಳೆ ನಷ್ಟದ ಹಣ ಫ್ರೂಟ್ಸ್‌ನಲ್ಲಿ ಇದ್ದ ವಿಸ್ತೀರ್ಣಕ್ಕೆ ತಕ್ಕಂತೆ ಖಾತೆಗೆ ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, 2 ಹೆಕ್ಟೇರ್‌ವರೆಗೆ. ನಾಲ್ಕು ಎಕರೆ ಇದ್ದು ಒಂದೂವರೆ ಎಕರೆ ಮಾತ್ರ ಸೇರಿಸಿದ್ದವರಿಗೆ ಒಂದೂವರೆ ಎಕರೆಯ ಹಣವೇ ಬಂತು. ಪಕ್ಕದ ಹೊಲದವನಿಗೆ ಜಾಸ್ತಿ ಬಂದದ್ದಕ್ಕೆ ರಾಜಕೀಯ ಕಾರಣ ಹುಡುಕಿ ಜಗಳವಾಡಿದ್ದು ಬೇರೆ. ಇವತ್ತೇ ಪಹಣಿಗಳನ್ನೆಲ್ಲ ಹಿಡಿದು ಹೋಗಿ ತಾಳೆ ನೋಡಿಸಿ.

ಕೃಷಿ ಹೊಂಡಕ್ಕೆ ಸರ್ಕಾರ ಎಷ್ಟು ಕೊಡುತ್ತದೆ? ಎಷ್ಟು ದೊಡ್ಡದು ತೆಗೆಸಬೇಕು?

ಕೃಷಿ ಭಾಗ್ಯದಲ್ಲಿ ಹೊಂಡ, ಪಾಲಿಥಿನ್ ಹೊದಿಕೆ, ಪಂಪ್‌ಸೆಟ್ಟುಗಳಿಗೆ ಸಾಮಾನ್ಯ ವರ್ಗದವರಿಗೆ ಶೇಕಡಾ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 90 ಸಹಾಯಧನ. ತಂತಿ ಬೇಲಿಗೆ ಶೇಕಡಾ 40 ಮತ್ತು 50. ಈ ಶೇಕಡಾವಾರು ಲೆಕ್ಕ ಇಲಾಖೆ ನಿಗದಿ ಮಾಡಿದ ದರದ ಮೇಲೆ ಎಂಬುದನ್ನು ಮರೆಯಬೇಡಿ. ಜೆಸಿಬಿಯವನು ಕೇಳುವ ಬಾಡಿಗೆ ಆ ದರಕ್ಕಿಂತ ಹೆಚ್ಚಾದರೆ ಹೆಚ್ಚಿನದ್ದು ನಿಮ್ಮ ಕೈಯಿಂದ.

ಇನ್ನು ಗಾತ್ರ. 10 ಮೀಟರ್ ಉದ್ದ, 10 ಮೀಟರ್ ಅಗಲದಿಂದ 21 ಮೀಟರ್ ಚೌಕದವರೆಗೆ ಅಳತೆಗಳಿವೆ, ಆಳ 3 ಮೀಟರ್. ದೊಡ್ಡದು ತೆಗೆಸಿದರೆ ಲಾಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಲೆಕ್ಕ ಹಾಕೋಣ. 12 ಮೀಟರ್ ಚೌಕದ ಹೊಂಡದ ಬದಿಗಳು ಒಳಕ್ಕೆ ಇಳಿಜಾರಾಗಿ ತಳದಲ್ಲಿ 6 ಮೀಟರ್ ಚೌಕಕ್ಕೆ ಬಂದರೆ ಅದರಲ್ಲಿ ಹಿಡಿಯುವ ನೀರು ಸುಮಾರು ಎರಡೂವರೆ ಲಕ್ಷ ಲೀಟರ್. ಕೇಳಲು ಸಮುದ್ರ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ಬೇಕು. ಅಂದರೆ ತುಂಬಿದ ಹೊಂಡವೊಂದು ಒಂದು ಎಕರೆ ಶೇಂಗಾಕ್ಕೆ ಎರಡು ಒಳ್ಳೆಯ ತುಂತುರು ನೀರು ಕೊಟ್ಟು ಮುಗಿಯುತ್ತದೆ. ಹೂ ಕಟ್ಟುವಾಗ, ಊಡು (ಕಾಯಿಯಾಗಲು ಹೂವಿನಿಂದ ಮಣ್ಣಿಗಿಳಿಯುವ ಎಳೆ) ಇಳಿಯುವಾಗ, ಕಾಯಿ ತುಂಬುವಾಗ ಮಳೆ ಕೈಕೊಟ್ಟರೆ ಆ ಎರಡು ನೀರು ಬೆಳೆಯನ್ನು ಉಳಿಸುತ್ತದೆ. ಹೊಂಡ ಇರುವುದು ಅದಕ್ಕೆ. ಹೊಂಡ ನಂಬಿ ಬಾಳೆ ನೆಟ್ಟವರ ಗತಿ ನೋಡಿದ್ದೇನೆ.

ಅದು ತುಂಬುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಐದು ಎಕರೆಯ ಮೇಲೆ ಎರಡು ಇಂಚು ಮಳೆ ಬಿದ್ದು ಅದರಲ್ಲಿ ಕಾಲು ಭಾಗ ಹರಿದುಬಂದರೆ ಈ ಹೊಂಡ ತುಂಬುತ್ತದೆ. ಎರಡು ಎಕರೆ ಹೊಲದವನು 21 ಮೀಟರಿನ ಹೊಂಡ ತೆಗೆಸಿದರೆ ತಳದಲ್ಲಿ ಮೊಣಕಾಲುದ್ದ ನೀರು ನಿಲ್ಲಬಹುದು, ನೆಲ ಹೋದದ್ದು ಮಾತ್ರ ಪೂರ್ತಿ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೊಲಕ್ಕೆ ಹೋಗಿ, ನೀರು ಎಲ್ಲಿ ಸೇರಿ ಎಲ್ಲಿ ಹೊರಬೀಳುತ್ತದೆ ಎಂದು ನೋಡಿ ಬನ್ನಿ. ಗುರುತು ಹಾಕಬೇಕಾದ್ದು ಅಲ್ಲಿ. ಯಂತ್ರ ತಿರುಗಲು ಸುಲಭ ಎಂದು ರಸ್ತೆಯ ಪಕ್ಕ ತೆಗೆಸಿದ ಹೊಂಡಗಳು ನಮ್ಮ ಕಡೆ ಒಣಗಿ ನಿಂತಿವೆ.

ನೀರು ಒಳಬರುವ ಕಡೆ ಹೂಳು ನಿಲ್ಲಲು ಒಂದು ಸಣ್ಣ ಗುಂಡಿ ಮಾಡಿಸಿ, ಹೆಚ್ಚಾದದ್ದು ಹೊರಹೋಗಲು ಕಲ್ಲು ಜೋಡಿಸಿ ಕೋಡಿ ಮಾಡಿಸಿ. ಕೆಂಪು ನೆಲಕ್ಕೆ ಹೊದಿಕೆ ಬೇಕೇ ಬೇಕು, ಎರೆ ನೆಲದಲ್ಲಿ ಇಲ್ಲದೆಯೂ ನಿಲ್ಲುತ್ತದೆ.

ಬೇಲಿಯ ವಿಷಯ ಬೇರೆಯಾಗಿ ಹೇಳಬೇಕು. ಪಾಲಿಥಿನ್ ಹಾಕಿದ ಹೊಂಡಕ್ಕೆ ಬಿದ್ದವರಿಗೆ ಹತ್ತಲು ಹಿಡಿತವೇ ಸಿಗುವುದಿಲ್ಲ, ಈಜು ಬಂದರೂ ಜಾರುತ್ತಾರೆ. ಮಕ್ಕಳು, ಕುರಿ ಕಾಯುವವರು ಹೀಗೆ ಜೀವ ಕಳೆದುಕೊಂಡಿದ್ದಾರೆ. ಬೇಲಿಗೆ ಸಹಾಯಧನ ಕಡಿಮೆ ಎಂದು ಬಿಡಬೇಡಿ. ಅದು ಬರುವ ತನಕ ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ನೂರಿನ್ನೂರು ರೂಪಾಯಿಯ ಕೆಲಸ.

ಜೆಸಿಬಿ ಊರಿಗೆ ಬಂದಿತ್ತು, ಹೊಂಡ ತೆಗೆಸಿಬಿಟ್ಟೆ. ಈಗ ಅರ್ಜಿ ಹಾಕಿದರೆ ಹಣ ಬರುತ್ತದೆಯೇ?

ಬರುವುದಿಲ್ಲ. ಕಾರ್ಯಾದೇಶ ಕೈಗೆ ಬಂದ ಮೇಲೆ, ಕೆಲಸಕ್ಕೆ ಮುಂಚಿನ ಜಾಗದ ಫೋಟೊ ಜಿಪಿಎಸ್ ಸಮೇತ ತೆಗೆದ ಮೇಲೆಯೇ ಮಣ್ಣು ಮುಟ್ಟಬೇಕು. ಬದು, ಪೈಪು, ಪಂಪು ಎಲ್ಲಕ್ಕೂ ಇದೇ ಕ್ರಮ. ‘ನೀವು ಆರಂಭಿಸಿ, ಆದೇಶ ಆಮೇಲೆ ಕೊಡಿಸುತ್ತೇನೆ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಕ್ಕು ಸುಮ್ಮನಾಗಿ. ನಾನು ಸುಮ್ಮನಾಗಲಿಲ್ಲ, ನಮ್ಮ ಹೊಲದ ಮೊದಲ ಬದುವಿನ ಖರ್ಚು ಇವತ್ತಿಗೂ ನನ್ನ ತಲೆಯ ಮೇಲೇ ಇದೆ.

ಬದು ಹಾಕಿಸಲು ಪಂಚಾಯಿತಿಗೆ ಹೋಗಬೇಕೋ ಕೃಷಿ ಇಲಾಖೆಗೋ?

ಎರಡೂ ಕಡೆ ದಾರಿಯಿದೆ. ಉದ್ಯೋಗ ಖಾತರಿಯಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರು, ಅಂದರೆ ಐದು ಎಕರೆಯೊಳಗಿನವರು, ತಮ್ಮ ಹೊಲದಲ್ಲೇ ಕೆಲಸ ಮಾಡಿ ಕೂಲಿ ಪಡೆಯುವ ವ್ಯವಸ್ಥೆ ಬಂದು ಬಹಳ ವರ್ಷವಾಯಿತು. ಜಾಬ್ ಕಾರ್ಡ್ ಬೇಕು, ಮುಖ್ಯವಾಗಿ ನಿಮ್ಮ ಸರ್ವೆ ನಂಬರ್ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು. ಅದು ಸೇರುವುದು ಗ್ರಾಮಸಭೆಯಲ್ಲಿ, ಬಿತ್ತನೆಯ ಮುಂಚೆ ಓಡಿಹೋಗಿ ಕೇಳಿದಾಗಲ್ಲ. ಅಕ್ಟೋಬರ್ ನಂತರ ನಡೆಯುವ ಸಭೆಗಳಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೂಲಿ ದರ, ದಿನಗಳ ಲೆಕ್ಕ ಬದಲಾಗುತ್ತಿರುತ್ತದೆ, ಈ ವರ್ಷದ್ದನ್ನು ಪಿಡಿಒ ಅವರಲ್ಲೇ ಕೇಳಿ.

ಜಲಾನಯನ ಯೋಜನೆಗೆ ನಿಮ್ಮ ಹಳ್ಳಿ ಆಯ್ಕೆಯಾಗಿದ್ದರೆ ಅದು ಎಲ್ಲಕ್ಕಿಂತ ಮೇಲು. ಒಬ್ಬರ ಹೊಲಕ್ಕೆ ಬದು ಹಾಕಿ ಮೇಲಿನವನದ್ದು ಬಿಟ್ಟರೆ ಮೇಲಿನ ನೀರು ಬಂದು ನಿಮ್ಮದನ್ನು ಒಡೆಯುತ್ತದೆ. ದಿಣ್ಣೆಯಿಂದ ಹಳ್ಳದವರೆಗೆ ಒಟ್ಟಿಗೆ ಮಾಡುವ ಕೆಲಸ ಅದು. 2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ ಯೋಜನೆ ಹೀಗೆಯೇ ಕೆಲಸ ಮಾಡಿತ್ತು.

ತುಂತುರು, ಹನಿ ನೀರಾವರಿಗೆ?

ಕೃಷಿ ಬೆಳೆಗಳಿಗೆ 2 ಹೆಕ್ಟೇರ್‌ವರೆಗೆ ಶೇಕಡಾ 90 ಸಹಾಯಧನ. ನೀರಿನ ಮೂಲ ಇರಬೇಕು, ಹೊಂಡವಾದರೂ ನಡೆಯುತ್ತದೆ. ಒಮ್ಮೆ ಪಡೆದರೆ ಅದೇ ಜಮೀನಿಗೆ ಏಳು ವರ್ಷ ಮತ್ತೆ ಸಿಗುವುದಿಲ್ಲ. ಪೈಪುಗಳನ್ನು ಪಡೆದು ಮಾರಿಕೊಂಡವರು ಆ ಏಳು ವರ್ಷ ಪಕ್ಕದವರಲ್ಲಿ ಕೇಳಿಕೊಂಡು ಓಡಾಡುತ್ತಾರೆ.

ಹೊಲದ ಅಂಚಿಗೆ ಗಿಡ ನೆಟ್ಟರೆ ಅರಣ್ಯ ಇಲಾಖೆ ದುಡ್ಡು ಕೊಡುತ್ತದಂತೆ, ನಿಜವೇ?

ನಿಜ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಿಂದ ಇದೆ. ಇಲಾಖೆಯ ಸಸ್ಯಕ್ಷೇತ್ರದಿಂದ ಕಡಿಮೆ ಬೆಲೆಗೆ ಸಸಿ ಒಯ್ದು ನೆಟ್ಟು, ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ, ಒಟ್ಟು 125. ಹೆಕ್ಟೇರಿಗೆ 400 ಸಸಿಗಳ ಮಿತಿ. ನೆಟ್ಟದ್ದಕ್ಕೆ ಹಣ ಕೊಡದೆ ಉಳಿಸಿದ್ದಕ್ಕೆ ಕೊಡುವ ಯೋಜನೆ ಎಂದೇ ನನಗೆ ಇದು ಇಷ್ಟ. ಹೆಬ್ಬೇವು, ಹೊಂಗೆ, ಹುಣಸೆ, ಬೇವು ನಮ್ಮ ಕಡೆಗೆ ಸರಿ. ಬದುವಿನ ಮೇಲೆ ನೆಟ್ಟರೆ ಬದುವನ್ನೂ ಬೇರು ಹಿಡಿದುಕೊಳ್ಳುತ್ತದೆ. ಮೊದಲ ಎರಡು ಬೇಸಿಗೆ ಆಡುಕುರಿಗಳಿಂದ ಕಾಯುವುದೇ ಕಷ್ಟ.

ಬೆಳೆ ಸಾಲಕ್ಕೆ ಸೊಸೈಟಿ ಒಳ್ಳೆಯದೋ ಬ್ಯಾಂಕೋ?

ಸೊಸೈಟಿಯಲ್ಲಿ ಸಿಗುವುದಾದರೆ ಸೊಸೈಟಿ. ಕೃಷಿ ಪತ್ತಿನ ಸಹಕಾರ ಸಂಘ ನಮ್ಮ ನೆಲದ್ದೇ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದಲ್ಲೇ ಮೊದಲನೆಯದು. ಇವತ್ತು ಸಹಕಾರ ಸಂಘಗಳ ಮೂಲಕ ಅಲ್ಪಾವಧಿ ಬೆಳೆ ಸಾಲಕ್ಕೆ ರಾಜ್ಯ ಸರ್ಕಾರ ಶೂನ್ಯ ಬಡ್ಡಿ ಇಟ್ಟಿದೆ, 2023-24ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಮಧ್ಯಮಾವಧಿ, ದೀರ್ಘಾವಧಿ ಸಾಲಕ್ಕೆ 15 ಲಕ್ಷದವರೆಗೆ ಶೇಕಡಾ 3 ಬಡ್ಡಿ, ಅದನ್ನು ಕೊಡುವುದರಲ್ಲಿ ತಾಲ್ಲೂಕಿನ ಪಿಎಲ್‌ಡಿ ಬ್ಯಾಂಕ್, ಅಂದರೆ ಸಹಕಾರಿ ಭೂ ಅಭಿವೃದ್ಧಿ ಬ್ಯಾಂಕ್, ಕೂಡ ಸೇರಿದೆ.

ಆದರೆ 5 ಲಕ್ಷ ಎಂಬುದು ಮಿತಿ, ಭರವಸೆಯಲ್ಲ. ಸಂಘದಲ್ಲಿ ಷೇರು ಹಾಕಿ ಸದಸ್ಯರಾಗಬೇಕು, ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿನಿಂದ ಸಂಘಕ್ಕೆ ಹಣ ಬರಬೇಕು. ಹೊಸ ಸದಸ್ಯರಿಗೆ ಸುಲಭವಾಗಿ ಸಿಗುವುದಿಲ್ಲ. ನಮ್ಮ ಹಳ್ಳಿಯ ಹುಡುಗನೊಬ್ಬ ಕಾರ್ಯದರ್ಶಿಯನ್ನು ಕೇಳಿದ:

‘ಅಣ್ಣ, ಪೇಪರಿನಲ್ಲಿ ಐದು ಲಕ್ಷ ಅಂತ ಬಂದಿದೆಯಲ್ಲ?’

‘ಪೇಪರಿನವರ ಹತ್ತಿರವೇ ಇಸಿದುಕೋ ಹೋಗಪ್ಪ. ನನ್ನ ಹತ್ತಿರ ಹಳೇ ಸದಸ್ಯರ ನವೀಕರಣಕ್ಕೇ ಹಣ ಸಾಲದು.’

ಹುಡುಗ ಅವತ್ತೇ ಷೇರು ಕಟ್ಟಿ ಬಂದ, ಎರಡು ವರ್ಷ ಕಾದ, ಸಾಲ ಸಿಕ್ಕಿತು. ಈಗ ಬೇಡವಾದರೂ ಸದಸ್ಯರಾಗಿಬಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಶೂನ್ಯ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ದಿನ ದಾಟಿದರೆ ಆ ಸೌಲಭ್ಯ ಹೋಗಿ ಸಾಲಕ್ಕೆ ಬಡ್ಡಿ ಬೀಳುತ್ತದೆ.

ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಎಷ್ಟು ಸಿಗುತ್ತದೆ? ಮ್ಯಾನೇಜರ್ ಮನಸ್ಸಿನ ಮೇಲೆ ಹೋಗುತ್ತದೆಯೇ?

ಹೋಗಬಾರದು, ಅದಕ್ಕೆ ಲೆಕ್ಕವಿದೆ. ಪ್ರತಿ ಬೆಳೆಗೆ ಎಕರೆಗೆ ಇಷ್ಟು ಸಾಲ ಎಂದು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರತಿ ವರ್ಷ ದರ ನಿಗದಿ ಮಾಡುತ್ತದೆ. ಲೆಕ್ಕ ಸುಲಭವಾಗಲಿ ಎಂದು ಶೇಂಗಾಕ್ಕೆ 20,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮೂರು ಎಕರೆಗೆ 60,000. ಕೊಯ್ಲಿನ ನಂತರದ ಮತ್ತು ಮನೆಯ ಖರ್ಚಿಗೆ ಶೇಕಡಾ 10, ಅಂದರೆ 6,000. ಹೊಲ, ಉಪಕರಣಗಳ ನಿರ್ವಹಣೆಗೆ ಶೇಕಡಾ 20, ಅಂದರೆ 12,000. ಒಟ್ಟು 78,000, ವಿಮೆಯ ಕಂತು ಬೇರೆ. ಮುಂದಿನ ವರ್ಷ ಶೇಕಡಾ 10 ಏರಿಕೆಯಾಗಿ 85,800. ಹೀಗೆ ಐದು ವರ್ಷಕ್ಕೆ ಮಿತಿ ಹಾಕುತ್ತಾರೆ. ನಿಮ್ಮ ಜಿಲ್ಲೆಯ ದರವನ್ನು, ಅಲ್ಲಿನ ಬ್ಯಾಂಕುಗಳನ್ನೆಲ್ಲ ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಹೋಗಿ. ಅಂಕಿ ಹಿಡಿದು ಮಾತನಾಡುವವರ ಜೊತೆ ಮ್ಯಾನೇಜರ್ ಕೂಡ ಅಂಕಿಯಲ್ಲೇ ಮಾತನಾಡುತ್ತಾರೆ.

ಬಡ್ಡಿ 3 ಲಕ್ಷದವರೆಗೆ ಶೇಕಡಾ 7, ಸರಿಯಾದ ಸಮಯಕ್ಕೆ ಕಟ್ಟಿದರೆ 4. 2025-26ರ ಕೇಂದ್ರ ಬಜೆಟ್ ಈ ಮಿತಿಯನ್ನು 5 ಲಕ್ಷಕ್ಕೆ ಏರಿಸುವುದಾಗಿ ಹೇಳಿತು, ನಿಮ್ಮ ಶಾಖೆಯಲ್ಲಿ ಯಾವುದು ಜಾರಿಯಲ್ಲಿದೆ ಎಂದು ಕೇಳಿ. 2025ರ ಜನವರಿ 1ರಿಂದ 2 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. 3 ಲಕ್ಷದವರೆಗಿನ ಸಾಲಕ್ಕೆ ಸಂಸ್ಕರಣಾ ಶುಲ್ಕ, ತಪಾಸಣಾ ಶುಲ್ಕ ಬೇಡ ಎಂದು ಬ್ಯಾಂಕುಗಳ ಒಕ್ಕೂಟವೇ 2019ರಲ್ಲಿ ಹೇಳಿದೆ. ಕಾಗದಪತ್ರ ಪೂರ್ತಿ ಇದ್ದ ಅರ್ಜಿಯನ್ನು 14 ದಿನದಲ್ಲಿ ತೀರ್ಮಾನಿಸಬೇಕು. ಹಸು, ಕುರಿ, ಮೀನಿಗೂ ಇದೇ ಕಾರ್ಡಿನಲ್ಲಿ ಸಾಲವಿದೆ.

ಗುತ್ತಿಗೆಗೆ ಮಾಡುತ್ತಿದ್ದೇನೆ, ನನ್ನ ಹೆಸರಿನಲ್ಲಿ ಭೂಮಿಯಿಲ್ಲ.

ಇದಕ್ಕೆ ಸಮಾಧಾನದ ಉತ್ತರ ನನ್ನಲ್ಲಿಲ್ಲ. ಗೇಣಿದಾರರಿಗೂ ಕಿಸಾನ್ ಕಾರ್ಡ್ ಕೊಡಬಹುದೆಂದು ನಿಯಮವಿದೆ. ಆದರೆ ಕರ್ನಾಟಕದಲ್ಲಿ 1974ರ ಭೂ ಸುಧಾರಣೆಯ ನಂತರ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧ, ಸೈನಿಕರಂಥ ಕೆಲವರನ್ನು ಬಿಟ್ಟು. ಹಾಗಾಗಿ ಯಾವ ಮಾಲೀಕನೂ ಬರೆದುಕೊಡುವುದಿಲ್ಲ. ಉಳಿದಿರುವ ದಾರಿ ಜಂಟಿ ಬಾಧ್ಯತಾ ಗುಂಪು: ನಾಲ್ಕರಿಂದ ಹತ್ತು ಜನ ಸೇರಿ ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ಪಡೆಯುವುದು. ಗ್ರಾಮೀಣ ಬ್ಯಾಂಕಿನಲ್ಲಿ ಕೇಳಿ. ಹೆಂಗಸರು ಸ್ವಸಹಾಯ ಸಂಘದ ಮೂಲಕ ಪಡೆಯುವುದು ಇದಕ್ಕಿಂತ ಸುಲಭ, ನಮ್ಮೂರಿನ ಗುತ್ತಿಗೆ ಬೇಸಾಯದ ಅರ್ಧ ಬಂಡವಾಳ ಅಲ್ಲಿಂದಲೇ ಬರುವುದು.

ಹಳೆಯ ಸಾಲ ಗಡುವಿಗೆ ಕಟ್ಟಲಾಗದೆ ಸುಸ್ತಿಯಾಗಿದೆ. ಹೊಂಡಕ್ಕೂ ಅಡ್ಡಿಯೇ?

ಇಲ್ಲ. ಇಲಾಖೆಯ ಸಹಾಯಧನಕ್ಕೂ ಸುಸ್ತಿಗೂ ಸಂಬಂಧವಿಲ್ಲ. ಸುಸ್ತಿಯಾದವರು ನಾಚಿಕೆಯಿಂದ ಎಲ್ಲ ಕಚೇರಿಗಳನ್ನೂ ಬಿಟ್ಟು ದೂರ ನಿಲ್ಲುವುದನ್ನು ನೋಡಿ ಬೇಸರವಾಗುತ್ತದೆ. ಹೊಸ ಸಾಲಕ್ಕೆ ಮಾತ್ರ ಅಡ್ಡಿ. ಪಹಣಿಯ 11ನೇ ಕಾಲಂನಲ್ಲಿ ಋಣಗಳು ಕಾಣುತ್ತವೆ, ತೀರಿಸಿದ ಸಾಲವೂ ಅಲ್ಲೇ ಉಳಿದಿರುವುದುಂಟು. ಸಾಲ ತೀರಿದ ದಿನವೇ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ಪಡೆದು ಋಣ ತೆಗೆಸಿ. ಬರದ ವರ್ಷದಲ್ಲಿ ಕಟ್ಟಲಾಗದಿದ್ದರೆ ಗಡುವು ಮುಗಿಯುವ ಮುಂಚೆಯೇ ಬ್ಯಾಂಕಿಗೆ ಹೋಗಿ ಅವಧಿ ಪರಿವರ್ತನೆ, ಅಂದರೆ ಕಟ್ಟಲು ಹೆಚ್ಚಿನ ಕಾಲ, ಕೇಳಿ. ಮುಗಿದ ಮೇಲೆ ಹೋದರೆ ಅವರ ಕೈಯಲ್ಲೂ ಹೆಚ್ಚಿಗೆ ಏನೂ ಇರುವುದಿಲ್ಲ. ಕೃಷಿ ಭೂಮಿಯನ್ನು ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಜಪ್ತಿ ಮಾಡಲು ಬಿಡುವ ಸರ್ಫೇಸಿ ಕಾಯ್ದೆಯಡಿ ಮುಟ್ಟಲು ಬ್ಯಾಂಕಿಗೆ ಅಧಿಕಾರವಿಲ್ಲ ಎಂಬುದನ್ನೂ ತಿಳಿದಿರಿ, ಅದರ ಹೆಸರು ಹೇಳಿ ಹೆದರಿಸುವವರಿದ್ದಾರೆ.

ಕೊಳವೆಬಾವಿ ಕೊರೆಸಲು ಸಾಲ ಮಾಡಲೇ?

ನನ್ನ ಮಾತು ಕೇಳುವುದಾದರೆ ಬೇಡ. ಮೊದಲು ಬದು, ಆಮೇಲೆ ಹೊಂಡ, ಆಮೇಲೆ ಇರುವ ನೀರಿಗೆ ತುಂತುರು. ಇವು ಮೂರಕ್ಕೂ ಸಹಾಯಧನವಿದೆ, ಸಾಲ ಬೇಕಿಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾಗಿದೆ ಎಂದು ಅಧಿಸೂಚಿತವಾದ ತಾಲ್ಲೂಕುಗಳಲ್ಲಿ ಕೊರೆಯಲು ಅನುಮತಿಯೂ ಬೇಕು. ನೀರು ಬೀಳದಿದ್ದರೆ ಸಾಲ ಉಳಿಯುತ್ತದೆ. ನಮ್ಮ ಓಣಿಯಲ್ಲಿ ಒಂದೇ ಹೊಲಕ್ಕೆ ಐದು ತೂತು ಕೊರೆಸಿದವರಿದ್ದಾರೆ, ಐದನೆಯದು ಹೆಂಡತಿಯ ಸರದಿಂದ. ನೀರು ಖಂಡಿತ ಇರುವವರು ಸೋಲಾರ್ ಪಂಪಿಗೆ ಅರ್ಜಿ ಹಾಕಬಹುದು. ಅದಕ್ಕಿರುವ ಕುಸುಮ್-ಬಿ ಯೋಜನೆಯಲ್ಲಿ ವೆಚ್ಚದ ಪಾಲು ಕೇಂದ್ರದ್ದು ಶೇಕಡಾ 30, ರಾಜ್ಯದ್ದು 50, ರೈತನ ವಂತಿಕೆ 20.

ಶೇಂಗಾ ಮಾರಿ ಸಾಕಾಗಿದೆ, ಸಣ್ಣ ಎಣ್ಣೆ ಗಾಣ ಹಾಕಬೇಕೆಂದಿದ್ದೇನೆ.

ಕಿರು ಆಹಾರ ಸಂಸ್ಕರಣೆಯ ಯೋಜನೆ, ಪಿಎಂಎಫ್‌ಎಂಇ, ಇದಕ್ಕೇ ಇರುವುದು. ಕೇಂದ್ರದ ಶೇಕಡಾ 35ಕ್ಕೆ ರಾಜ್ಯ 15 ಸೇರಿಸಿ ಶೇಕಡಾ 50, ಗರಿಷ್ಠ 15 ಲಕ್ಷ. ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಇರುತ್ತಾರೆ, ಯೋಜನಾ ವರದಿ ಮಾಡಿಕೊಡುತ್ತಾರೆ. ಇದು ಸಾಲಕ್ಕೆ ಜೋಡಿಸಿದ ಸಹಾಯಧನ, ಹಣ ನಿಮ್ಮ ಕೈಗೆ ಬರುವುದಿಲ್ಲ, ಸಾಲದ ಲೆಕ್ಕಕ್ಕೆ ಜಮೆಯಾಗುತ್ತದೆ. ಬ್ಯಾಂಕ್ ಒಪ್ಪದಿದ್ದರೆ ಯೋಜನೆಯೂ ಇಲ್ಲ.

ಒಬ್ಬರು ಹತ್ತು ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ.

ಅವರು ಮಾಡುವುದು ಇಷ್ಟೇ: ನಿಮ್ಮ ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಒಯ್ದು ಅದೇ ರೈತ ಸಂಪರ್ಕ ಕೇಂದ್ರದಲ್ಲಿ ಕೊಡುವುದು. ಬೆರಳಚ್ಚು, ಓಟಿಪಿ ಮಾತ್ರ ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಪೈಪು ಬಂದು ಬೇರೆಯವರ ಹೊಲ ಸೇರಿದ ಮೇಲೆ ಏಳು ವರ್ಷ ಕಾಯುವವರು ನೀವು.

ಅರ್ಜಿಗೆ ಉತ್ತರವೇ ಇಲ್ಲ, ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಇಲ್ಲ ಎಂದರು. ಮುಂದೇನು?

ಮೊದಲ ಕೆಲಸ, ಬರವಣಿಗೆಯಲ್ಲಿ ಕೇಳುವುದು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಬ್ಯಾಂಕಿನಿಂದ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ, 14448ಕ್ಕೆ ಕರೆ ಮಾಡಿ ಕೇಳಬಹುದು. ಸೊಸೈಟಿಯ ಮೇಲಿನ ದೂರು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ. ಇಲಾಖೆಯದ್ದಾದರೆ ತಾಲ್ಲೂಕಿನ ಸಹಾಯಕ ನಿರ್ದೇಶಕರು, ಅವರ ಮೇಲೆ ಜಿಲ್ಲೆಯ ಜಂಟಿ ನಿರ್ದೇಶಕರು. ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಎಷ್ಟು ಎಂದು ಕೇಳಿ. ಆ ಒಂದು ಪ್ರಶ್ನೆಗೆ ಅಧಿಕಾರಿಗಳು ಕುರ್ಚಿಯಲ್ಲಿ ನೆಟ್ಟಗೆ ಕೂರುವುದನ್ನು ನಾನೇ ನೋಡಿದ್ದೇನೆ.

ವರ್ಷದಲ್ಲಿ ಯಾವಾಗ ಹೋದರೆ ಕೆಲಸವಾಗುತ್ತದೆ?

ಏಪ್ರಿಲ್, ಮೇನಲ್ಲಿ ಅರ್ಜಿ ಕೊಟ್ಟಿರಬೇಕು, ಹೊಸ ವರ್ಷದ ಗುರಿ ಆಮೇಲೆ ಹೋಬಳಿಗೆ ಹಂಚಿಕೆಯಾಗುತ್ತದೆ. ಜೂನ್, ಜುಲೈನಲ್ಲಿ ಬೀಜ ಹಂಚುವ ಗದ್ದಲ, ಆಗ ಹೊಂಡದ ಮಾತು ಎತ್ತಿದರೆ ಯಾರಿಗೂ ಕಿವಿ ಇರುವುದಿಲ್ಲ. ಜನವರಿಯ ಹೊತ್ತಿಗೆ ಇನ್ನೊಮ್ಮೆ ಹೋಗಿ ಬನ್ನಿ. ಪಟ್ಟಿಯಲ್ಲಿ ಮೇಲಿದ್ದವರು ವಂತಿಕೆ ಕಟ್ಟದೆ ಬಿಟ್ಟ ಹೊಂಡಗಳು ಆಗ ಉಳಿದಿರುತ್ತವೆ, ಮಾರ್ಚ್ 31ರೊಳಗೆ ಹಣ ಮುಗಿಸುವ ಅವಸರ ಅವರಿಗೂ ಇರುತ್ತದೆ. ಹೊಲ ಖಾಲಿಯಿರುತ್ತದೆ, ಜೆಸಿಬಿಯೂ ಸಿಗುತ್ತದೆ. ನಮ್ಮ ಹೊಂಡ ಆದದ್ದು ಹಾಗೆಯೇ, ಒಂದು ಫೆಬ್ರವರಿಯಲ್ಲಿ.